ಬಾಯಿ ತೊಳ್ಕೊಂಡು ಬಾ

ಗೋಲ್‌ಕೀಪರ್ ಯೋರಿಟ್ ಕರಿದ ಕ್ರೋಕೆಟ್ ಒಂದನ್ನು ಕಚ್ಚಿದ. ಒಳಗಿದ್ದ ಬಿಸಿ ಮಾಂಸದ ಗೊಜ್ಜು ಗದ್ದದ ಮೇಲೆ ಇಳಿಯಿತು. ಅದನ್ನು ಬೆರಳಿನಿಂದ ಬಳಿದು ನೆಕ್ಕಿ, ಕಣ್ಣು ಮುಚ್ಚಿ, "ಕ್ಯಾನ್ಸರ್ ರುಚಿ!" ಎಂದ.

ಅದು ಹೊಗಳಿಕೆ. ನಮ್ಮ ಹೇಗ್‌ನ ಹುಡುಗರಿಗೆ ಈಗ ರುಚಿಯೂ ಕ್ಯಾನ್ಸರ್, ಚಳಿಯೂ ಕ್ಯಾನ್ಸರ್, ತಡವಾಗಿ ಬರುವ ಟ್ರಾಮೂ ಕ್ಯಾನ್ಸರ್. ನಾನು ಬಸ್ಸು ಓಡಿಸುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಬೆನ್ನ ಹಿಂದೆ ಆ ಪದ ಎಂಜಲಿನ ಜೊತೆ ಸಿಡಿಯುತ್ತಲೇ ಇರುತ್ತದೆ.

"ಆಚೆ ನಡಿ," ಎಂದ, ಕ್ಯಾಂಟೀನಿನ ಒಲೆ ಮುಂದೆ ನಿಂತಿದ್ದ ಅಪ್ಪ. ಎಣ್ಣೆಯಿಂದ ಕಣ್ಣು ಕೂಡ ತೆಗೆಯಲಿಲ್ಲ. "ಬಾಯಿ ತೊಳ್ಕೊಂಡು ಬಾ."

"ಅಯ್ಯೋ ಲೇಂಡರ್ಟ್ ಮಾಮ, ಚೆನ್ನಾಗಿದೆ ಅಂದೆ ಅಷ್ಟೇ!"

"ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನು. ಅದಕ್ಕೊಂದು ಪದ ಇದೆ. ನಡಿ, ನಡಿ."

ಯೋರಿಟ್ ನಗುತ್ತಾ ಹೋದ. ಹೊರಗೆ ಆಟಗಾರರು ಬೂಟಿನ ಕೆಸರು ತೊಳೆಯುವ ನಲ್ಲಿಯಿದೆ. ಅಮ್ಮ ಸತ್ತ ವರ್ಷ ಈ ಫುಟ್‌ಬಾಲ್ ಕ್ಲಬ್ಬಿನ ಕ್ಯಾಂಟೀನ್ ನೋಡಿಕೊಳ್ಳಲು ಒಪ್ಪಿದಾಗ ಅಪ್ಪ ಹಾಕಿದ ಷರತ್ತು ಒಂದೇ. ಆ ಪದ ಆಡಿದವರು ಆ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರಬೇಕು. ಕ್ಲಬ್ಬಿನ ಅಧ್ಯಕ್ಷರೂ ಒಂದು ಸಲ ಹೋಗಿ ಬಂದಿದ್ದಾರೆ.

ಉಳಿದ ರೋಗಗಳ ಬಗ್ಗೆ ಅಪ್ಪನ ತಕರಾರಿಲ್ಲ. ಎಣ್ಣೆ ಬೇಗ ಕಾಯದಿದ್ದರೆ ಒಲೆಗೆ "ಕ್ಷಯ ಹಿಡಿದ ಮುಂಡೇದು" ಎನ್ನುತ್ತಾನೆ. ಎದುರು ತಂಡದವರೆಲ್ಲ ಟೈಫಸ್ ಜ್ವರ ಬಡಿದವರು. ರೆಫರಿಗೆ ಕಾಲರಾ. ಬೇರೆ ದೇಶದವರು ಸಿಟ್ಟು ಬಂದಾಗ ದೇವರನ್ನೋ ದೆವ್ವವನ್ನೋ ಯಾರದೋ ತಾಯಿಯನ್ನೋ ಎಳೆದು ತರುತ್ತಾರಂತೆ. ನಾವು ಆಸ್ಪತ್ರೆಯನ್ನು ತರುತ್ತೇವೆ. ಎದುರಿಗಿರುವವನು ಕೊಳೆತು ಸಾಯಲಿ ಎಂದು, ಯಾವುದರಿಂದ ಸಾಯಬೇಕು ಎಂಬುದನ್ನೂ ಸೇರಿಸಿ, ಹಾರೈಸುತ್ತೇವೆ.

"ಕ್ಷಯ" ಎಂದದ್ದಕ್ಕೆ ಅಪ್ಪನೂ ಚಿಕ್ಕಂದಿನಲ್ಲಿ ಪೆಟ್ಟು ತಿಂದಿದ್ದನಂತೆ. ಅಜ್ಜಿಯ ತಮ್ಮ ಬೋಗುಣಿಗೆ ರಕ್ತ ಕೆಮ್ಮುತ್ತಾ ಸತ್ತವನು. ಆ ಬೋಗುಣಿ ತೊಳೆಯುತ್ತಿದ್ದವಳು ಅಜ್ಜಿ. ಅವಳ ಕಿವಿಗೆ ಆ ಪದ ಹೋದರೆ ಮೂಗಿಗೆ ಬೋಗುಣಿಯ ನಾತ ಬರುತ್ತಿತ್ತು. ಅಜ್ಜಿ ಹೋದಳು, ನಾತವೂ ಹೋಯಿತು. ಈಗ ಅದು ಒಲೆಯನ್ನು ಬೈಯಲು ಬರುವ ಒಂದು ಸದ್ದು. ಕ್ಯಾನ್ಸರಿಗೂ ಮದ್ದು ಸಿಕ್ಕ ಮೇಲೆ ಹೀಗೇ ಆಗುತ್ತದೆ, ಮುದುಕಿಯರು ನಾಯಿಯನ್ನು ಗದರಿಸಲು ಅದನ್ನು ಬಳಸುತ್ತಾರೆ ಎಂದು ನನಗೆ ಅನಿಸುವುದುಂಟು. ಸದ್ಯಕ್ಕೆ ಅದು ಹಸಿ ಹೆಣ. ಎಲ್ಲರೂ ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ.

ನಾನು ಆ ಶನಿವಾರ ಕ್ಯಾಂಟೀನಿಗೆ ಹೋದದ್ದು ಅದೇ ಪದವನ್ನು ಅಪ್ಪನಿಗೆ ಹೇಳಲು.

ಹಿಂದಿನ ದಿನ ಡಾಕ್ಟರು "ಗಡ್ಡೆ" ಎಂದಿದ್ದರು. ಆಮೇಲೆ "ಕೆಟ್ಟ ಜೀವಕೋಶ" ಎಂದರು, "ಚಟುವಟಿಕೆ" ಎಂದರು. "ಅಂದ್ರೆ ಕ್ಯಾನ್ಸರಾ?" ಎಂದು ನಾನು ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆನೇನೋ. ನರ್ಸ್ ಎದ್ದು ಹೋಗಿ ಬಾಗಿಲು ಮುಚ್ಚಿದಳು. ಹೊರಗೆ ಕೂತವರು ಒಳಗೆ ಯಾರೋ ಬೈದಾಡುತ್ತಿದ್ದಾರೆ ಎಂದುಕೊಂಡರೆ ಎಂದು.

ಯೋರಿಟ್ ತಂಡದ ಜೊತೆ ಮೈದಾನಕ್ಕೆ ಇಳಿದಾಗಿತ್ತು. ಮೊದಲರ್ಧ ಮುಗಿಯಲು ಇನ್ನೂ ಸಮಯವಿತ್ತು. ಕ್ಯಾಂಟೀನಿನಲ್ಲಿ ನಾವಿಬ್ಬರೇ. ಒದ್ದೆ ಕಾಲುಚೀಲದ ವಾಸನೆ, ಹಳೆ ಎಣ್ಣೆಯ ವಾಸನೆ. ಚೆಲ್ಲಿದ ಬಿಯರಿಗೆ ನನ್ನ ಮೊಣಕೈ ಅಂಟಿಕೊಂಡಿತ್ತು.

"ಅಪ್ಪಾ."

"ಹೇಳು ಹೆಸ್ಟರ್. ಸಾಸಿವೆ ಸಾಸ್ ಆ ಕಡೆ ಇದೆ."

"ಕ್ಯಾನ್ಸರ್."

ಅದಕ್ಕೆ ಹಿಂದೆಮುಂದೆ ಏನಾದರೂ ಸೇರಿಸಬೇಕಿತ್ತು. ದಾರಿಯುದ್ದಕ್ಕೂ ಪೂರ್ತಿ ವಾಕ್ಯವನ್ನೇ ಕಟ್ಟಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಅದೊಂದೇ, ಕಾಲ್ಬೆರಳು ಮೇಜಿಗೆ ಬಡಿದಾಗ ಬರುವ ಹಾಗೆ, ಬಂದುಬಿಟ್ಟಿತು.

ಅಪ್ಪ ಕರಿಯುವ ಜಾಲರಿಯನ್ನು ಕುಕ್ಕಿದ. ಎಣ್ಣೆ ಹಾರಿತು.

"ನೀನೂನಾ? ಆ ಬೀದಿ ಹುಡುಗ್ರು ಬೊಗಳ್ತಾರೆ ಬಿಡು. ನೀನು? ನಿಮ್ಮಮ್ಮನ ತಲೆ ಹಿಡ್ಕೊಂಡು ಬಕೆಟ್ ಮುಂದೆ ಕೂತಿದ್ದೋಳು ನೀನು! ಏನಾಯ್ತು? ಮೊಣಕೈಗೆ ಬಿಯರ್ ಅಂಟ್ತು ಅಂತ ಆ ಮಾತಾ?"

"ಅಪ್ಪ, ಅದಲ್ಲ..."

"ಥೂ! ಬಾಯಿ ತೊಳ್ಕೊಂಡು ಬಾ, ಆಮೇಲೆ ಮಾತು. ಮಗಳು ಅಂತ ಬಿಡಲ್ಲ."

ಹೇಳಬಹುದಿತ್ತು. ಆದರೆ ಅಪ್ಪನ ಮುಖದಲ್ಲಿದ್ದ ಅಸಹ್ಯ ನೋಡಿ ನನಗೆ ಒಂದು ತರಹ ಸಮಾಧಾನವಾಯಿತು. ಅವನ ಪಾಲಿಗೆ ಇನ್ನೂ ಅದೊಂದು ಬೈಗುಳ. ಇನ್ನೊಂದು ಗಳಿಗೆ ಹಾಗೇ ಇರಲಿ ಎಂದುಕೊಂಡು ಹೊರಗೆ ಹೋದೆ.

ನಲ್ಲಿಯ ಕೆಳಗೆ ಕೆಸರು, ಹುಲ್ಲು, ಯಾರೋ ಉಗಿದ ಚ್ಯೂಯಿಂಗ್ ಗಮ್. ನೀರು ರಬ್ಬರ್ ಪೈಪಿನ ರುಚಿಯಲ್ಲಿತ್ತು. ಮುಕ್ಕಳಿಸಿದೆ, ಉಗಿದೆ, ಮತ್ತೆ ಮುಕ್ಕಳಿಸಿದೆ. ಮೈದಾನದಲ್ಲಿ ಯಾರೋ ಯಾರಿಗೋ ಅದೇ ರೋಗವನ್ನು ಹಾರೈಸುತ್ತಿದ್ದರು. ನಾನು ಕಟ್ಟೆಗೆ ಒರಗಿ ಬೆಳಗಿನ ಕಾಫಿಯನ್ನೆಲ್ಲ ಕಕ್ಕಿದೆ. ಆಮೇಲೆ ನಿಜವಾಗಿಯೂ ಬಾಯಿ ತೊಳೆಯಬೇಕಾಯಿತು.

ಒಳಗೆ ಬಂದಾಗ ಅಪ್ಪ ತಣ್ಣಗಾಗಿದ್ದ. ನನಗೆಂದು ಕಾಗದದ ತಟ್ಟೆಯಲ್ಲಿ ಒಂದು ಕ್ರೋಕೆಟ್ ಇಟ್ಟಿದ್ದ.

"ತೊಳೆದ್ಯಾ?"

"ತೊಳೆದೆ. ಹೋಗ್ಲಿಲ್ಲ ಅಪ್ಪ. ಎಡಗಡೆ ಇದೆ."

ಅವನು ನನ್ನ ಬಾಯಿಯನ್ನೇ ನೋಡಿದ. ಆಮೇಲೆ ಅವನ ದೃಷ್ಟಿ ಕೆಳಗಿಳಿಯಿತು, ನನ್ನ ಕೋಟಿನ ಎದೆಯ ಗುಂಡಿಯವರೆಗೆ. ಅಲ್ಲಿಂದ ನಾಚಿಕೆಪಟ್ಟವನ ಹಾಗೆ ಬೇರೆಡೆ ಸರಿಯಿತು.

"ಯಾರು ಹೇಳಿದ್ದು?"

"ಡಾಕ್ಟರು. ನಿನ್ನೆ."

"ಆ ಪದಾನೇ ಹೇಳಿದ್ರಾ?"

"ಇಲ್ಲ. ನಾನೇ ಹೇಳ್ದೆ."

ಅಪ್ಪ ಒಲೆ ಆರಿಸಿದ. ಕೌಂಟರಿನ ಷಟರ್ ಅರ್ಧಕ್ಕೆ ಎಳೆದ, ಅದು ಸಿಕ್ಕಿಕೊಂಡಿತು, ಎರಡೂ ಕೈಯಿಂದ ಜೋತುಬಿದ್ದು ಪೂರ್ತಿ ಇಳಿಸಿದ. ಕತ್ತಲಾಯಿತು. ಹತ್ತಿರ ಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡ. ಏಪ್ರನ್ನಿನ ಎಣ್ಣೆ ಕೆನ್ನೆಗೆ ಮೆತ್ತಿತು. ನಾನು ತಲೆ ಹಿಂದಕ್ಕೆ ತೆಗೆಯಲಿಲ್ಲ. "ಕ್ಲಾಸಿನಾಳದ್ದೂ ಎಡಗಡೆಯದೇ," ಎಂದ. ಅಮ್ಮನ ಹೆಸರನ್ನು ಅವನು ನನ್ನೆದುರು ಹೇಳುತ್ತಿರಲಿಲ್ಲ. ನಿಮ್ಮಮ್ಮ ಎನ್ನುತ್ತಿದ್ದ.

ಹೊರಗೆ ರೆಫರಿಯ ಸೀಟಿ ಕೇಳಿಸಿತು. ಮೊದಲರ್ಧ ಮುಗಿದು ಹಸಿದವರ ದಂಡು ಬಂತು. ಷಟರ್ ಮುಚ್ಚಿದ್ದು ಕಂಡು ಮೊದಲು ನಕ್ಕರು, ಆಮೇಲೆ ಗುದ್ದಿದರು.

"ಲೇಂಡರ್ಟ್! ಎದ್ದೇಳೋ ಮುದ್ಯಾ, ಹೊಟ್ಟೆ ಹಸೀತಿದೆ!"

ಅಪ್ಪ ಅಲುಗಲಿಲ್ಲ.

"ಬಾಗಿಲು ತೆಗಿಯಲ್ವಾ? ಹೋಗು ಹಾಗಾದ್ರೆ, ನಿನ್ನ ಮನೆಗೇ ಕ್ಯಾನ್ಸರ್ ಬರ್ಲಿ!"

ನಗು. ಯಾರೋ, "ಏಯ್, ನಲ್ಲಿಗೆ ಹೋಗೋ," ಎಂದರು. ಮತ್ತೆ ನಗು.

ಅಪ್ಪ ನನ್ನ ತಲೆಯ ಮೇಲಿಂದಲೇ, ಕೂಗದೆ, ಗಿರಾಕಿಗೆ ಉತ್ತರ ಕೊಡುವ ದನಿಯಲ್ಲಿ ಹೇಳಿದ:

"ಬಂದಾಯ್ತು ಕಣಯ್ಯಾ."

ತಗಡಿನ ಆಚೆ ಅದು ಯಾರಿಗೂ ಕೇಳಿಸಲಿಲ್ಲ. ಅವರು ಗುದ್ದುತ್ತಲೇ ಇದ್ದರು.