ಹಳೇ ಮೆಷಿನ್ನುಗಳ ಕೋಣೆ

ಆನೇಮಹಲ್‌ನ ಗುಜರಿ ಅಂಗಡಿಯಲ್ಲಿ ಚೈತ್ರಶ್ರೀ ಇನ್ನೊಂದು ಹಳೇ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಳು. ಒಳಗೆ ಜೇಡ ಗೂಡು ಕಟ್ಟಿತ್ತು. ಆದರೆ ಬೋರ್ಡು ಸುಟ್ಟಿರಲಿಲ್ಲ. ವೇಲಿನ ತುದಿಯಿಂದ ಧೂಳು ಒರೆಸಿ, ಬಗ್ಗಿ ನೋಡತೊಡಗಿದಳು. ಗೊಬ್ಬರದ ಮೂಟೆ ಹೇರಿದ್ದ ಜೀಪಿಗೆ ಒರಗಿ ನಿಂತಿದ್ದ ಗಂಡ ಮೋಹನ್ ಅವಸರ ಮಾಡಲಿಲ್ಲ. ಮದುವೆಯಾದ ಮೇಲೆ ಅವಳು ಯಾವುದನ್ನೂ ಇಷ್ಟು ಆಸೆಯಿಂದ ನೋಡಿದ್ದನ್ನು ಅವನು ಕಂಡಿರಲಿಲ್ಲ.

ಮದುವೆಗೆ ಮುಂಚೆ ಹಾಸನದ ಒಂದು ಕಾಲೇಜಿನ ಸರ್ವರ್ ರೂಮಿನಲ್ಲಿ ಅವಳೂ ಗೆಳತಿ ಮೋನಿಕಾಳೂ ಜೊತೆಗೆ ಕೆಲಸ ಮಾಡಿದವರು. ಏಸಿಯ ಚಳಿಗೆ ಇಬ್ಬರೂ ಸರದಿಯ ಮೇಲೆ ಒಂದೇ ಸ್ವೆಟರ್ ಹಾಕಿಕೊಳ್ಳುತ್ತಿದ್ದರು. ಫ್ಯಾನುಗಳ ಸದ್ದು ಕೇಳಿಯೇ ಯಾವ ಮೆಷಿನ್ನಿಗೆ ಕಷ್ಟವಾಗುತ್ತಿದೆ ಎಂದು ಹೇಳುತ್ತಿದ್ದರು. ಒಂದು ದಿನ ಕಾಲೇಜಿನವರು ಎಲ್ಲವನ್ನೂ ಯಾವುದೋ ಕಂಪನಿಯ ಬಾಡಿಗೆ ಸರ್ವರುಗಳಿಗೆ ದಾಟಿಸಿ, ರೂಮಿಗೆ ಬೀಗ ಹಾಕಿದರು. ಮೋನಿಕಾ ಹಾಸನದಲ್ಲೇ ಇದ್ದ ತಾಯಿಯ ಮನೆಗೆ ಹೋದಳು. ಚೈತ್ರಶ್ರೀ ಮದುವೆಯಾಗಿ ಯಸಳೂರಿನ ಕಾಫಿ ತೋಟದ ಮನೆಗೆ ಬಂದಳು.

ಬಳ್ಳಿಯ ಬುಡದಲ್ಲಿ ಉದುರಿದ ಮೆಣಸು ಆ ಮನೆಯಲ್ಲಿ ಹೆಂಗಸರ ಪಾಲು. ಅದನ್ನು ಆಯ್ದು ಮಾರಿ ಬಂದ ದುಡ್ಡಿಗೆ ತಕ್ಕಂತೆ, ಕಲಿತ ಕೆಲಸ ಮರೆಯದಿರಲೆಂದು ಅವಳು ಕಟ್ಟಿಕೊಂಡ ಲ್ಯಾಬ್ ಬೆಳೆಯಿತು. ಗುಜರಿಯ ಎರಡು ಮೆಷಿನ್ನು, ಕರೆಂಟು ಹೋದಾಗ ನಡೆಸಲು ಜೀಪಿನ ಹಳೇ ಬ್ಯಾಟರಿ, ಕಾಫಿ ಹೊಟ್ಟಿನ ಧೂಳು ಒಳಗೆ ಹೋಗದಂತೆ ಹರಿದ ಸೊಳ್ಳೆ ಪರದೆಯ ತುಂಡು. ಕಾಫಿ ಮೂಟೆ ಇಡುವ ಸ್ಟೋರಿನ ಪಕ್ಕದ ಕೋಣೆಗೆ ಮೋಹನ್ ತಾನೇ ವೈರು ಎಳೆದುಕೊಟ್ಟ. ಏಸಿ ಬೇಕಿರಲಿಲ್ಲ. ಕಿಟಕಿ ತೆಗೆದರೆ ಗುಡ್ಡದ ಗಾಳಿಯೇ ಸಾಕಾಗುತ್ತಿತ್ತು.

ಎರಡೂ ಮೆಷಿನ್ನು ಎದ್ದು ಕೂತ ದಿನವೇ ಅವಳು ಮೋನಿಕಾಳಿಗೆ ಪಾಸ್‌ವರ್ಡ್ ಕೊಟ್ಟಳು. ಆಮೇಲೆ ಮಧ್ಯಾಹ್ನವಾದರೆ ಸಾಕು, ಹಾಸನದಲ್ಲಿ ಕೂತೇ ಮೋನಿಕಾ ಇಂಟರ್ನೆಟ್ಟಿನ ಮೂಲಕ ಮೆಷಿನ್ನಿನ ಒಳಗೆ ಬರುವಳು. ಅವಳು ಏನನ್ನಾದರೂ ಬೇಕೆಂದೇ ಕೆಡಿಸುವಳು, ಇವಳು ಹುಡುಕಿ ಸರಿಮಾಡುವಳು. ಮರುದಿನ ಇವಳ ಸರದಿ. ಸೊಸೆ ಒಬ್ಬಳೇ ನಗುವುದನ್ನು ಕೇಳಿ ಅತ್ತೆ ರಾಜಲಕ್ಷ್ಮಮ್ಮ ಒಮ್ಮೆ ಬಾಗಿಲಿಗೆ ಬಂದು ಒಳಗೆ ಯಾರಿದ್ದಾರೆಂದು ಕೇಳಿದರು. ಗೆಳತಿ ಬಂದಿದ್ದಾಳೆ ಎಂದಳು. ಅವರು ಪೆಟ್ಟಿಗೆಗಳತ್ತ ಒಂದು ಗಳಿಗೆ ನೋಡಿ, ಒಂದೇ ಲೋಟ ಕಾಫಿ ತಂದಿಟ್ಟು ಹೋದರು.

ಅಷ್ಟರಲ್ಲಿ ಮೈಸೂರಿನ ಕಂಪನಿಯೊಂದು ಸರ್ವರ್ ನೋಡಿಕೊಳ್ಳುವವರನ್ನು ಕರೆಯಿತು. ಇಬ್ಬರೂ ಅರ್ಜಿ ಹಾಕಿದರು. ಇಬ್ಬರೂ ಆಯ್ಕೆಯಾದರು. ಆದರೆ ಮೈಸೂರಿಗೇ ಬಂದು ಇರಬೇಕು ಎಂದರು. ಮೋಹನ್ ಬೇಡ ಎಂದಿದ್ದರೆ ಅವಳು ಜಗಳವಾಡಿಯಾದರೂ ಹೋಗುತ್ತಿದ್ದಳೇನೋ. ಅವನು ಕಾಫಿ ಹಣ್ಣು ಹರವುತ್ತಲೇ, ತಲೆ ಎತ್ತದೆ ಹೇಳಿದ:

"ಹೋಗು. ನೀನಿಲ್ದೆ ಇರೋದು ಹೆಂಗೆ ಅಂತ ಕಲ್ತ್ಕೋತೀನಿ."

ಅವಳಿಗೆ ಹೋಗಲಾಗಲಿಲ್ಲ.

ಮೋನಿಕಾ ಹೋದಳು. ಮೊದಮೊದಲು ಭಾನುವಾರ ಒಳಗೆ ಬರುತ್ತಿದ್ದಳು; ಬರಬರುತ್ತಾ ಅದೂ ನಿಂತಿತು. ಚೈತ್ರಶ್ರೀ ಮೆಷಿನ್ನುಗಳನ್ನು ಆರಿಸಲಿಲ್ಲ. ಒಬ್ಬಳೇ ಕೆಡಿಸಿ ಒಬ್ಬಳೇ ಸರಿಮಾಡಲು ನೋಡಿದಳು. ಕೆಡಿಸಿದ್ದು ಏನೆಂದು ತನಗೇ ಗೊತ್ತಿರುವಾಗ ಹುಡುಕುವುದಕ್ಕೆ ಏನೂ ಇರುತ್ತಿರಲಿಲ್ಲ.

ಕುಯಿಲು ಮುಗಿದ ಮೇಲೆ ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಮೋನಿಕಾ ಸಕಲೇಶಪುರದ ಬಸ್ಸಿನಲ್ಲಿ ಬಂದಿಳಿದಳು. ಇಳಿದವಳು ರಾಜಲಕ್ಷ್ಮಮ್ಮನವರ ಊಟದ ಮಾತಿಗೂ ನಿಲ್ಲದೆ, ಮೆಷಿನ್ನು ಎಲ್ಲಿ ಎಂದಳು. ಕೋಣೆಗೆ ಹೋಗಿ ಒಂದು ಪೆಟ್ಟಿಗೆಯ ಮೇಲೆ, ಹಸುವಿನ ಮೈ ಮುಟ್ಟಿದ ಹಾಗೆ, ಅಂಗೈ ಇಟ್ಟು ನಿಂತಳು.

"ಎಷ್ಟು ಬೆಚ್ಚಗಿದೆ ಕಣೆ," ಎಂದಳು.

"ಮೈಸೂರಲ್ಲಿ ದೊಡ್ ದೊಡ್ಡವು ಇರ್ತಾವಲ್ಲ. ಇದ್ರಲ್ಲೇನೈತೆ?"

"ಅಲ್ಲಿ ಒಂದೂ ಇಲ್ಲ, ಚೈತ್ರಾ. ಎಲ್ಲಾ ಬೇರೆಲ್ಲೋ ಇವೆ. ಯಾವ ಊರಲ್ಲಿ ಅಂತ ನಮ್ಮ ಮ್ಯಾನೇಜರಿಗೂ ಗೊತ್ತಿಲ್ಲ. ಬೆಳಗ್ಗಿಂದ ಸಂಜೆವರೆಗೆ ಸ್ಕ್ರೀನ್ ನೋಡ್ತೀನಿ. ಪಕ್ಕದವಳ ಹೆಸರು ತಿಳ್ಕೊಳ್ಳೋಕೇ ಒಂದು ತಿಂಗಳು ಹಿಡೀತು."

ಮೈಸೂರಿನಲ್ಲಿ ಒಂದು ತಣ್ಣನೆಯ ಕೋಣೆ ಇದೆ, ಅಲ್ಲಿ ಸಾಲಾಗಿ ಮೆಷಿನ್ನುಗಳಿವೆ, ಅವುಗಳ ನಡುವೆ ತನ್ನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದಾರೆ ಎಂದು ಚೈತ್ರಶ್ರೀ ಇಷ್ಟು ದಿನ ಅಂದುಕೊಂಡು ಬಂದಿದ್ದಳು. ಆ ಯಾರನ್ನೋ ನೆನೆದು ಹೊಟ್ಟೆ ಉರಿಸಿಕೊಂಡಿದ್ದಳು.

"ಯಾಕೆ ಒಳಗೆ ಬರೋದು ಬುಟ್ಬುಟ್ಟೆ?" ಎಂದು ಕೊನೆಗೆ ಕೇಳಿದಳು.

"ಬಂದ್ರೆ ಸಂಕಟ ಆಗ್ತಿತ್ತು," ಎಂದಳು ಮೋನಿಕಾ.

ಗೋಣಿಚೀಲ ಹಾಸಿ ಇಬ್ಬರೂ ಗೋಡೆಗೆ ಒರಗಿ ಕೂತರು. ಯಾವುದನ್ನೂ ಕೆಡಿಸಲಿಲ್ಲ. ಎಡಗಡೆಯ ಮೆಷಿನ್ನಿನ ಫ್ಯಾನು ಸ್ವಲ್ಪ ಉಜ್ಜುತ್ತಿದೆ ಎಂದು ಮೋನಿಕಾ ಹೇಳಿದಳು. ಗೊತ್ತು ಎಂದಳು ಚೈತ್ರಶ್ರೀ. ಸ್ವಲ್ಪ ಹೊತ್ತಿನಲ್ಲಿ ಮೋನಿಕಾಳ ತಲೆ ವಾಲಿ ಇವಳ ಭುಜಕ್ಕೆ ಬಂತು. ಪ್ರಯಾಣದ ಆಯಾಸಕ್ಕೆ ಬಾಯಿ ಸ್ವಲ್ಪವೇ ತೆರೆದುಕೊಂಡು ನಿದ್ದೆ ಹೋಗಿದ್ದಳು.

ತೋಟದ ಆಚೆ, ತಿರುವಿನಲ್ಲಿ, ಮೋನಿಕಾ ವಾಪಸು ಹೋಗಬೇಕಿದ್ದ ಬಸ್ಸು ಹಾರ್ನ್ ಹೊಡೆಯಿತು. ಚೈತ್ರಶ್ರೀ ಭುಜ ಅಲುಗಿಸದೆ ಕೂತಿದ್ದಳು. ಬಸ್ಸು ನಿಂತ ಸದ್ದಾಯಿತು, ಯಾರೋ ಇಳಿದರು, ಮತ್ತೆ ಗೇರು ಬಿತ್ತು. ಏರಿನುದ್ದಕ್ಕೂ ಅದರ ಇಂಜಿನ್ನಿನ ಸದ್ದು ಸಣ್ಣದಾಗುತ್ತಾ ಹೋಯಿತು.