ಸರದಿಯಲ್ಲಿ ಕೂತವಳು

ಗೋಡೆಗೆ ಒತ್ತಿಕೊಂಡ ಉದ್ದನೆಯ ಬೆಂಚು. ಅದರ ಮೇಲೆ ನಾಲ್ವರು, ಯಾರೂ ಅಲುಗುತ್ತಿರಲಿಲ್ಲ. ಮೊದಲನೆಯವನ ಪತ್ರಿಕೆ ಬೀಸಣಿಗೆಯಾಗಿ, ಬೀಸಿ ಬೀಸಿ ಸೋತು, ಅವನ ಮಡಿಲಲ್ಲೇ ಮಲಗಿತ್ತು. ಎರಡನೆಯವನು ಬಾಯಿ ತೆರೆದು ನಿದ್ದೆಹೋಗಿದ್ದ. ಮೂರನೆಯದು ಹೆಂಗಸು, ನೆಟ್ಟಗೆ ಕೂತಿದ್ದಳು. ಭುಜದಿಂದ ಮುಂದಕ್ಕೆ ಇಳಿದ ಅವಳ ನರೆತ ಜಡೆ ತೊಡೆಯ ಮೇಲೆ ಸಾಕಿದ ಬೆಕ್ಕಿನಂತೆ ಸುರುಳಿ ಸುತ್ತಿಕೊಂಡಿತ್ತು. ಕೊನೆಯಲ್ಲಿ ನಿವೃತ್ತ ಬಸ್ ಕಂಡಕ್ಟರು, ಅಂಗಿಯ ಗುಂಡಿಗಳನ್ನೆಲ್ಲ ಸೆಕೆಗೆ ಒಪ್ಪಿಸಿ. ಎದುರಿನ ಕನ್ನಡಿಯೊಳಗೆ ಇನ್ನೂ ನಾಲ್ವರು, ಅಷ್ಟೇ ನಿಶ್ಚಲರು.

ಹೆಂಗಸು ಕ್ಷೌರಿಕನ ಹೆಂಡತಿ. ಅಂಗಡಿಯ ಮೇಲಿನ ಮನೆಯಿಂದ ಇಳಿದು ಬಂದು ಸರದಿಯಲ್ಲಿ ಕೂತಿದ್ದಳು.

ಆ ಬೇಸಿಗೆ ಯಾರನ್ನೂ ಬಿಟ್ಟಿರಲಿಲ್ಲ. ಮನೆಯ ತಾರಸಿ ಕಾದು ನಲ್ಲಿಯಲ್ಲಿ ಬಿಸಿನೀರೇ ಬರುತ್ತಿತ್ತು. ಮಗ, ಸೊಸೆ ಒದ್ದೆ ಬಟ್ಟೆ ಹೊದ್ದು ಬರಿ ನೆಲದ ಮೇಲೆ ಉರುಳುತ್ತಿದ್ದರು. ಹಿಂದಿನ ದಿನ ಅಜ್ಜನ ಕೈಯಲ್ಲಿ ಹುಡುಗರಂತೆ ಕೂದಲು ಕತ್ತರಿಸಿಕೊಂಡ ಮೊಮ್ಮಗಳು, ತನ್ನ ಕತ್ತಿಗೆ ಗಾಳಿ ತಾಗುತ್ತದೆಂದು ಕಂಡಕಂಡವರಿಗೆಲ್ಲ ಸಾರಿದ್ದಳು. ಬೆವರುಸಾಲೆಯಿಂದ ಕತ್ತು ಉರಿದು ಮಲಗಲಾಗದ ಅಜ್ಜಿ, ತನಗೂ ಹಾಗೆಯೇ ಕತ್ತರಿಸಬೇಕೆಂದು ಕೇಳಿದಳು. ಆಗುವುದೇ ಇಲ್ಲವೆಂದು ಗಂಡ ಕೆಳಗಿಳಿದುಬಿಟ್ಟ. ಆದರೆ ಸರದಿ ಬಂದು ಕುರ್ಚಿಯೇರಿದವರನ್ನು ಹಾಗೆಯೇ ಎಬ್ಬಿಸಿ ಕಳಿಸಬಾರದೆಂಬುದು ಅವನ ಅಂಗಡಿಯ ನೇಮ. ಅವಳು ಅದನ್ನು ಚೆನ್ನಾಗಿ ಬಲ್ಲಳು.

ಮುಂದಿನ ಇಬ್ಬರೂ ಮುಗಿದರು. ಅವಳು ಎದ್ದು ಕುರ್ಚಿಯಲ್ಲಿ ಕೂತಳು.

"ಮೇಲೆ ಹೋಗೇ," ಎಂದ ಅವನು, ಬೆಂಚಿಗೆ ಕೇಳದಂತೆ.

"ನಾನು ಗಿರಾಕಿ. ಗಿರಾಕೀನ ಯಾರಾದ್ರೂ ಹೋಗೇ ಬಾರೇ ಅಂತಾರಾ?"

"ಹತ್ತಿಸ್ಕೊಂಡ ಮೇಲೆ ದಾರೀಲಿ ಇಳಿಸೋ ಹಾಗಿಲ್ಲ ಬಿಡಿ," ಎಂದರು ಕಂಡಕ್ಟರು.

ಭುಜದವರೆಗೆ ಸಾಕಲ್ಲವೇ ಎಂದು ಅವನು ಚೌಕಾಸಿಗಿಳಿದ. ಅವಳು ಒಪ್ಪಲಿಲ್ಲ. ಎದುರಿನ ಹೊಸ ಅಂಗಡಿಯಲ್ಲಿ ಏಸಿ ಇದೆಯಂತೆ, ಅಲ್ಲಿಯ ಹುಡುಗನ ಕೈ ಬಲು ಹಗುರವಂತೆ ಎಂದು ಕನ್ನಡಿಗೆ ಹೇಳಿದಳು.

ಅವನು ಕತ್ತರಿ ಎತ್ತಿಕೊಂಡ, ಇಟ್ಟ. ಜಡೆ ಬಿಚ್ಚಿ ಬಾಚತೊಡಗಿದ. ರಜೆಯ ದಿನ ಬೆಳಿಗ್ಗೆ ಅವಳು ತಲೆ ತೊಳೆದು ಕಿಟಕಿಗೆ ಬೆನ್ನು ಕೊಟ್ಟು ಕೂತರೆ ಸಿಕ್ಕು ಬಿಡಿಸುವವನು ಅವನು. ಮದುವೆಯಾದಾಗಿನಿಂದ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟವನಲ್ಲ. ಊರಿನ ತಲೆಗಳೆಲ್ಲ ಅವನಿಗೆ ದುಡಿಮೆ, ಇದೊಂದು ಬಿಡುವು.

"ಇನ್ಮೇಲೆ ರಜೆ ದಿನ ನಾನೇನು ಮಾಡ್ಲಿ?" ಎಂದ.

ಅವಳು ಕನ್ನಡಿಯಲ್ಲಿ ಅವನನ್ನು ಹುಡುಕಿದಳು.

"ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ಇದು ಒಣಗೋದನ್ನ ಕಾಯ್ತಾ ಕಾಯ್ತಾ ನಾವು ಒಂದು ರಜೇನೂ ಹೊರಗೆ ಕಾಣ್ಲಿಲ್ಲ."

ಬಾಚಣಿಗೆ ನಿಂತಿತು.

"ಎಲ್ಲಿಗೆ?"

"ಕೆರೆ ಕಡೆಗೆ. ದೋಣಿ ಬಿಟ್ಟಿದಾರಂತೆ."

ಅವನು ಕತ್ತರಿ ತೆಗೆದುಕೊಂಡ. ಅದರ ಅಲಗುಗಳು ಮೊದಲ ಸಲ ಕೂಡಿದಾಗ, ಹೊಸದಾಗಿ ಬಂದು ಕೂತವರೂ ಮಾತು ನಿಲ್ಲಿಸಿದರು. ಆಮೇಲೆ ಅವನು ಅವಸರಿಸಲಿಲ್ಲ. ಆ ದಿನ ಬೇರೆ ಗಿರಾಕಿಯೇ ಇಲ್ಲವೆಂಬಂತೆ, ಕಿವಿಯ ಸುತ್ತ, ಹಣೆಯ ಅಂಚಿನಲ್ಲಿ, ಎಳೆ ಎಳೆಯಾಗಿ ಕತ್ತರಿಸಿದ. ಕೊನೆಗೆ ಬ್ರಷ್ಷನ್ನು ಮರೆತು ಬಾಗಿ, ಕತ್ತಿಗಂಟಿದ ಚೂರುಗಳನ್ನು ಬಾಯಿಂದ ಊದಿದ. ಅವಳು ಭುಜ ಕುಗ್ಗಿಸಿ ಕಿಲಕಿಲ ನಕ್ಕಳು. ಮೊದಲನೆಯವನು ಬಿಟ್ಟುಹೋದ ಪತ್ರಿಕೆಯಲ್ಲಿ ಕಂಡಕ್ಟರಿಗೆ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು.

ಎದ್ದು ನಿಂತು ಅವಳು ತಲೆಯನ್ನು ಅತ್ತಿತ್ತ ಆಡಿಸಿದಳು.

"ತಲೇನೇ ಇಲ್ಲದ ಹಾಗಿದೆ ರೀ."

"ಅದು ಮೊದಲಿಂದ್ಲೂ ಹಾಗೇನೇ."

ಬೆಂಚು ಬೆಂಚೇ ನಕ್ಕಿತು. ಅವಳು ಅವನ ತೋಳಿಗೊಂದು ಕೊಟ್ಟು ಬಾಗಿಲು ತಳ್ಳಿದಳು. ಮನೆಯ ಮೆಟ್ಟಿಲಿದ್ದದ್ದು ಎಡಕ್ಕೆ. ಅವಳು ಬಲಕ್ಕೆ ತಿರುಗಿ ಬೀದಿಗಿಳಿದಳು, ಯಾವ ಕೆಲಸವೂ ಇಲ್ಲದವಳ ಹಾಗೆ. ಅವಳಿಗೆ ಹೊದಿಸಿದ್ದ ಬಟ್ಟೆ ಕೊಡವಲೆಂದು ಎತ್ತಿದ ಅವನ ಕೈ ಎತ್ತಿದಂತೆಯೇ ಇತ್ತು. ಬಿಸಿಲು ಬಿದ್ದ ಆ ಕತ್ತನ್ನು ಅವನು ನೋಡುತ್ತಿದ್ದುದು ಅದೇ ಮೊದಲು. ಬಿಸಿಗಾಳಿ ಒಮ್ಮೆ ಒಳಗೆ ಬಂದು ಹೋಯಿತು. ಅವಳ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.