ಹಸಿರು ದೀಪ ಹತ್ತಲಿಲ್ಲ

ಮಾಕಳಿಯ ನಮ್ಮ ಮನೆಯಲ್ಲಿ ಇಬ್ಬರು ಅಜ್ಜಿಯರು. ಮುನಿಕೃಷ್ಣಮ್ಮ ನನ್ನ ಸ್ವಂತ ಅಜ್ಜಿ, ಮುನಿಕೆಂಪಮ್ಮ ಅವಳ ತಂಗಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಅಂಗಳಕ್ಕೆ ಬಂದವರು. ಸಂಕ್ರಾಂತಿಗೆ ನೆಂಟರೆದುರು ತಂಗಿ, ಅಕ್ಕನ ಮುದ್ದೆಯಲ್ಲಿ ಗಂಟಿದೆ ಎಂದುಬಿಟ್ಟಳು. ಅಲ್ಲಿಗೆ ಮಾತು ಬಂದ್. ನಲ್ಲಿಯಲ್ಲಿ ನೀರು ಬಂದರೂ "ಅವ್ಳಿಗೇಳು" ಎಂದು ನನ್ನನ್ನೇ ಅಟ್ಟುತ್ತಿದ್ದರು. ನನ್ನ ಕಾಲು ಸವೆದದ್ದು ಹಾಳಾಗಲಿ, ಅಜ್ಜಿ ಒಬ್ಬಳೇ ಕೂತು ಅರ್ಧ ಮುದ್ದೆ ಬಿಟ್ಟು ಏಳುವುದನ್ನು ನೋಡಲಾಗುತ್ತಿರಲಿಲ್ಲ.

ನಮ್ಮ ಕಾಲೇಜಿನಲ್ಲೀಗ ರೀಲು ಕ್ಯಾಮೆರಾದ ಹುಚ್ಚು. ಯುಗಾದಿಗೆ ನನ್ನದರಲ್ಲಿ ಇಬ್ಬರ ಫೋಟೋ ತೆಗೆದೆ. ನಡುವೆ ಎಮ್ಮೆ ಹಾಯುವಷ್ಟು ಜಾಗ ಬಿಟ್ಟು ನಿಂತಿದ್ದರು. ತೊಳೆಸಿ ನೋಡಿದರೆ ಅಜ್ಜಿಯರಿಬ್ಬರೂ ಮಸುಕು ಮಸುಕು. ಹಿಂದಿನ ತಂತಿಯಲ್ಲಿದ್ದ ಜಗನ್ ಮಾವನ ಪಟ್ಟೆ ಚಡ್ಡಿ ಮಾತ್ರ ಗೆರೆಗೆರೆಯೂ ಸ್ಪಷ್ಟ.

ಕ್ಯಾಮೆರಾ ಮಾರಿದ್ದ ಆರ್.ಟಿ. ನಗರದ ಗೆಳತಿ ನಿಶಾತ್ ಬಿದ್ದು ಬಿದ್ದು ನಕ್ಕಳು. "ಮಗಾ, ನಡುಮಧ್ಯೆ ಏನಿದ್ಯೋ ಅದನ್ನೇ ಅದು ಫೋಕಸ್ ಮಾಡೋದು. ಒಬ್ರ ಮುಖಕ್ಕೆ ಹಿಡಿದು ಬಟನ್ ಅರ್ಧ ಒತ್ತು. ಒಳಗೆ ಹಸಿರು ದೀಪ ಹತ್ತುತ್ತೆ. ಬೆರಳು ಬಿಡ್ದೆ ಕ್ಯಾಮೆರಾ ತಿರುಗಿಸಿ ಪೂರ್ತಿ ಒತ್ತು. ಅಷ್ಟೆ."

ಇಷ್ಟು ಸುಲಭದ ವಿದ್ಯೆಯನ್ನು ಮನೆಯಲ್ಲಿ ಬಾಯಿಬಿಡುವಷ್ಟು ದಡ್ಡಿ ನಾನಲ್ಲ.

ಭಾನುವಾರ ಇಬ್ಬರನ್ನೂ ಅಂಗಳಕ್ಕೆ ಕರೆದೆ. "ಬರ್ದಿದ್ರೆ ಆ ಚಡ್ಡಿ ಫೋಟೋಗೇ ಕಟ್ಟು ಹಾಕ್ಸಿ ಹಜಾರದಲ್ಲಿ ತೂಗ್ಹಾಕ್ತೀನಿ" ಎಂದೆ. ಬಂದರು.

"ಈ ಕ್ಯಾಮೆರಾ ಪೆದ್ದು ಕಣಜ್ಜಿ. ನಡುವೆ ಸಂದಿ ಕಂಡ್ರೆ ಅಲ್ಲೇ ಇಣುಕುತ್ತೆ. ತಲೆಗೆ ತಲೆ ತಾಗ್ಸಿ. ಆಗ್ಲೇ ಇದ್ರೊಳಗೆ ಹಸಿರು ದೀಪ ಹತ್ತೋದು."

ತಂಗಿ ಒಂದು ಹೆಜ್ಜೆ ಹತ್ತಿರ ಸರಿದಳು. ತಂಗಿಯ ಮುಖಕ್ಕೆ ಹಿಡಿದು ಅರ್ಧ ಒತ್ತಿದೆ. ದೀಪ ಹತ್ತಿತು. "ಹತ್ಲಿಲ್ಲ" ಎಂದೆ. ಅಕ್ಕ ಒಂದು ಹೆಜ್ಜೆ ಸರಿದಳು. "ಊಹೂಂ, ಇನ್ನೂ ಇಲ್ಲ." ಕೊನೆಗೆ ಓಲೆಗೆ ಓಲೆ ತಾಗಿತು. ಪೂರ್ತಿ ಒತ್ತಿದೆ. ಅದೇ ಕೊನೆಯ ಚಿತ್ರವಾಗಿತ್ತು. ರೀಲು ಗರ್ರೆಂದು ತಾನಾಗಿಯೇ ಹಿಂದಕ್ಕೆ ಸುತ್ತಿಕೊಂಡಿತು. ಮುಗಿಯಿತೆಂದು ಇಬ್ಬರೂ ಬೇರೆಯಾದರೆ ಏನು ಗತಿ ಎಂದು ನನಗೆ ದಿಗಿಲಾಯಿತು.

"ಅಲ್ಲಾಡ್ಬೇಡಿ, ಇನ್ನೂ ಹುಡುಕ್ತಾ ಇದೆ" ಎಂದು, ಕೆಲಸ ಮುಗಿಸಿದ್ದ ಕ್ಯಾಮೆರಾವನ್ನೇ ಕಣ್ಣಿಗೆ ಹಿಡಿದುಕೊಂಡೆ.

ಆಮೇಲೆ ತಂಗಿ ತುಟಿ ಅಲುಗಿಸದೆ ಕೇಳಿದಳು, "ಅಕ್ಕಾ, ಮಂಡಿನೋವು ಎಂಗೈತೆ?"

"ಇದುನ್ನ ಕೇಳಾಕೆ ಇಷ್ಟು ದಿನ ಬೇಕಾಯ್ತೇನೇ ನಿಂಗೆ?" ಎಂದಳು ಅಜ್ಜಿ. ಗದರಿದಳೇ ಹೊರತು ತಲೆ ಸರಿಸಲಿಲ್ಲ.

ನನ್ನ ತೋಳು ಸೋಲುತ್ತಿತ್ತು. ಆದರೂ ಕ್ಯಾಮೆರಾ ಇಳಿಸಲಿಲ್ಲ.